ಹಗುರದವನು ಇಳಿಯಬೇಕು

ಮೌಂಗ್ ಪೇಟೆಯಾಚೆ ರೈಲು ಹಳಿ ರಸ್ತೆಯನ್ನು ದಾಟುವಲ್ಲಿ ಒಬ್ಬ ಮುದುಕ ಹಸಿರು ಬಾವುಟ ಹಿಡಿದು ನಿಂತಿರುತ್ತಾನೆ. ಹೆಸರು ಸಾವೂತ್. ಈಗಿನವರಿಗೆ ಅವನು ಗೇಟಿನ ಮುದುಕ, ಅಷ್ಟೇ. ನಮ್ಮ ಕಾಲದಲ್ಲಿ ಈ ಹಳಿಗೆ ಅವನೇ ನ್ಯಾಯಾಧೀಶನಾಗಿದ್ದ.

ಆಗ ನಮ್ಮ ಕಾಂಬೋಡಿಯಾದಲ್ಲಿ ದಿನಕ್ಕೊಂದು ರೈಲು ಬಂದರೆ ಪುಣ್ಯ. ಉಳಿದ ಹೊತ್ತು ಹಳಿ ನಮ್ಮದು. ಎರಡು ಜೋಡಿ ಗಾಲಿ, ಮೇಲೊಂದು ಬಿದಿರಿನ ಹಾಸು, ಹಿಂದೆ ನೀರೆತ್ತುವ ಇಂಜಿನ್ನು, ಒಂದು ಬೆಲ್ಟು: ಇದೇ ನಮ್ಮ ನೋರಿ. ಭತ್ತ, ಹಂದಿ, ಬಸುರಿಯರು, ಮದುವೆ ದಿಬ್ಬಣ ಎಲ್ಲ ಅದರ ಮೇಲೆಯೇ. ಇದ್ದುದು ಒಂದೇ ದಾರಿ. ಎರಡು ನೋರಿ ಎದುರುಬದುರಾದರೆ ಹಗುರದವನು ಜನರನ್ನು ಇಳಿಸಿ, ಗಾಡಿ ಬಿಚ್ಚಿ ಪಕ್ಕಕ್ಕಿಡಬೇಕು. ಭಾರದವನು ದಾಟಿದ ಮೇಲೆ ನಿಂತು, ಬಿಚ್ಚಿದ್ದನ್ನು ಕೂಡಿಸಲು ಕೈ ಜೋಡಿಸಬೇಕು. ಎರಡೂ ಸೇರಿ ಒಂದೇ ಕಟ್ಟಳೆ.

ಯಾರು ಹಗುರ ಎಂದು ಜಗಳವಾದರೆ ಸಾವೂತಣ್ಣನ ಅಂಗಳಕ್ಕೆ ಹೋಗುತ್ತಿದ್ದೆವು. ಅವನು ಮುಖ ನೋಡುತ್ತಿರಲಿಲ್ಲ, ಮೂಟೆ ನೋಡುತ್ತಿದ್ದ. ಹೆಂಡತಿ ಕುಂಥಿಯಾ ಒಲೆಯ ಮುಂದಿನಿಂದಲೇ ಕಾಲೆಳೆಯುತ್ತಿದ್ದಳು.

"ರೀ, ಮನೇಲಿ ಅಕ್ಕಿ ಇಲ್ಲ. ನಿಮ್ಮ ಕಾನೂನನ್ನೇ ಬೇಯಿಸಿ ಬಡಿಸ್ಲಾ?"

ಹಾಗೆಂದವಳೇ ನಮಗೆಲ್ಲ ಗಂಜಿ, ಒಣಮೀನು ಕೊಟ್ಟು ಕಳಿಸುತ್ತಿದ್ದಳು. ಅವಳ ಅನ್ನ ನಾನೂ ಉಂಡಿದ್ದೇನೆ.

ಒಮ್ಮೆ ನಾನು ಸಿಕ್ಕಿಬಿದ್ದೆ. ನನ್ನ ನೋರಿಯಲ್ಲಿ ಇಬ್ಬರೇ ಇದ್ದರು, ಎದುರಿನದು ಭತ್ತದ ಗಾಡಿ. ಬಿಸಿಲಿಗೆ ಗಾಡಿ ಬಿಚ್ಚಲು ಸೋಮಾರಿತನ. "ನಮ್ಮತ್ತೆ ಸೀರಿಯಸ್ಸು, ದಾರಿ ಬಿಡ್ರಪ್ಪ" ಎಂದೆ. ಪಾಪ, ಅವರು ಇಪ್ಪತ್ತು ಮೂಟೆ ಇಳಿಸಿ ದಾರಿ ಬಿಟ್ಟರು. ಮರುದಿನ ಸಾವೂತಣ್ಣ ಎಲ್ಲರೆದುರು ಕರೆದು ಕೇಳಿದ.

"ಅತ್ತೆ ಹೆಂಗಿದಾರೆ, ಪಿರುಣ್?"

"ಪರವಾಗಿಲ್ಲಣ್ಣ."

"ಹೌದಪ್ಪ, ಸಂತೇಲಿ ನೋಡ್ದೆ. ಮೀನಿನ ರೇಟು ಒಂಚೂರೂ ಇಳಿಸ್ಲಿಲ್ಲ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಒಂದು ವರ್ಷ ನನ್ನನ್ನು ಕಂಡವರೆಲ್ಲ ಅತ್ತೆಯ ಆರೋಗ್ಯ ವಿಚಾರಿಸುವವರೇ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ದಿನವೇ ಅವನು ಹೊಸ ತೀರ್ಪು ಕೊಟ್ಟ: ಇನ್ನು ಯಾರ ನೆಪವನ್ನೂ ಕೇಳುವುದಿಲ್ಲ, ಹೊರೆ ಮಾತ್ರ ಲೆಕ್ಕ.

"ನಿಜವಾಗ್ಲೂ ಕಾಯ್ಲೆ ಬಿದ್ದೋರು ಏನ್ರೀ ಮಾಡ್ಬೇಕು?" ಎಂದು ಕೇಳಿದವಳು ಕುಂಥಿಯಾ ಒಬ್ಬಳೇ.

"ಅವ್ರೂ ಇಳೀಬೇಕು ಕಣೆ. ಎಲ್ಲರೂ ಕೈ ಹಾಕಿದ್ರೆ ಎರಡು ನಿಮಿಷದ ಕೆಲ್ಸ."

ಮುಂದಿನ ಕೊಯ್ಲಿನಲ್ಲಿ ಗದ್ದೆಯಲ್ಲಿ ಕುಂಥಿಯಾಳಿಗೆ ನಾಗರಹಾವು ಕಚ್ಚಿತು. ಇದು ನನಗೆ ತಿಳಿದದ್ದು ಸಂಜೆಗೆ. ಮಧ್ಯಾಹ್ನ ನಾನು ಇಟ್ಟಿಗೆ ಹೇರಿಕೊಂಡು ಬರುತ್ತಿದ್ದಾಗ ಎದುರಿಗೆ ಸಾವೂತಣ್ಣನ ನೋರಿ ಬಂತು. ಅದರ ಮೇಲೆ ಕುಂಥಿಯಾ ಒಬ್ಬಳೇ ಚೌಕಳಿ ಬಟ್ಟೆ ಹೊದ್ದು ಮಲಗಿದ್ದಳು. ರೆಪ್ಪೆ ಜೋತುಬಿದ್ದಿತ್ತು. ನಿದ್ದೆ ಎಂದುಕೊಂಡೆ.

ಅವನ ಮುಖ ಬಿಳಿಚಿತ್ತು. ಬಾಯಿ ತೆರೆದ. ನಾನೇ ಮೊದಲು ಮಾತಾಡಿದೆ.

"ಏನಣ್ಣ, ಅತ್ತೆಗೆ ಹುಷಾರಿಲ್ವಾ?"

ಅವನು ಬಾಯಿ ಮುಚ್ಚಿದ. ಹೆಂಡತಿಯನ್ನು ಎತ್ತಿ ಜಲ್ಲಿಯ ಮೇಲೆ ಮಲಗಿಸಿದ. ಬೆಲ್ಟು ಕಳಚಿದ, ಇಂಜಿನ್ನು ಇಳಿಸಿದ, ಹಾಸು ಎತ್ತಿದ, ಗಾಲಿಗಳನ್ನು ಉರುಳಿಸಿದ. ಅಷ್ಟೂ ಹೊತ್ತು ನಾನು ಇಟ್ಟಿಗೆಯ ಮೇಲೆ ಕುಳಿತು ಬೀಡಿ ಸೇದಿದೆ. ದಾರಿ ಬಿಟ್ಟ. ನಾನು ದಾಟಿದೆ. ನಿಂತು ಕೈ ಜೋಡಿಸಬೇಕಿತ್ತು; ಜೋಡಿಸಲಿಲ್ಲ. ಒಬ್ಬನೇ ಕೂಡಿಸಲಿ, ಕಾನೂನಿನ ರುಚಿ ಗೊತ್ತಾಗಲಿ ಎಂದು ಹೊರಟೇಹೋದೆ. ಹಿಂದೆ ತಿರುಗಿಯೂ ನೋಡಲಿಲ್ಲ, ದರಿದ್ರದವನು ನಾನು.

ಅವನು ಒಬ್ಬನೇ ಗಾಲಿಗಳನ್ನು ಎತ್ತಿಟ್ಟ. ಅವಸರದಲ್ಲಿ ಬೆಲ್ಟು ಹರಿಯಿತಂತೆ. ಆಸ್ಪತ್ರೆಯಿದ್ದ ಮೌಂಗ್ ಇನ್ನೂ ನಾಲ್ಕು ಮೈಲಿ. ಗಾಡಿಯನ್ನು ತಳ್ಳುತ್ತಲೇ ಓಡಿದ. ನಿಲ್ದಾಣದ ಹುಣಸೆಮರ ಕಾಣುವ ಹೊತ್ತಿಗೆ ಅವಳ ಉಸಿರು ನಿಂತಿತ್ತು.

ಶವದ ಮುಂದೆ ನನ್ನನ್ನು ಕಂಡು ಅವನು ಬಯ್ಯಲಿಲ್ಲ. ಊಟ ಮಾಡಿಕೊಂಡು ಹೋಗು ಎಂದ. ಹೊಡೆದಿದ್ದರೆ ಬದುಕಿಕೊಳ್ಳುತ್ತಿದ್ದೆನೇನೋ.

ಅಂದಿನಿಂದ ಅವನು ತೀರ್ಪು ಹೇಳಲಿಲ್ಲ. ನಾವು ಹಳಿಯ ಮೇಲೆ ನಾಯಿಗಳ ಹಾಗೆ ಕಚ್ಚಾಡಿಕೊಂಡೆವು. ಕೊನೆಗೆ ಸರ್ಕಾರ ಹೊಸ ಹಳಿ ಹಾಕಿ ನೋರಿಗಳನ್ನೇ ನಿಲ್ಲಿಸಿತು. ಅವನಿಗೆ ಈ ಬಾವುಟದ ಕೆಲಸ ಸಿಕ್ಕಿತು. ನಾನು ರಿಕ್ಷಾ ಓಡಿಸುತ್ತೇನೆ, ದಿನಕ್ಕೆ ನಾಲ್ಕು ಸಲ ಅವನ ಗೇಟಿನ ಮುಂದೆ ಕಾಯುತ್ತೇನೆ. ಹದಿನಾರು ವರ್ಷ ಕೇಳದೆ ಇಟ್ಟುಕೊಂಡಿದ್ದ ಮಾತನ್ನು ಹೋದ ತಿಂಗಳು ಕೇಳಿಬಿಟ್ಟೆ.

"ಅಣ್ಣ, ಅಕ್ಕಂಗೆ ಹಾವು ಕಚ್ಚಿದೆ ಅಂತ ಅವತ್ತು ಒಂದು ಮಾತು ಹೇಳ್ಬಾರ್ದಿತ್ತಾ?"

ಅವನು ಬಾವುಟ ಸುತ್ತುತ್ತಿದ್ದ.

"ಹೇಳಿದ್ರೆ ನಂಬ್ತಿದ್ಯಾ, ಪಿರುಣ್?"

ನಂಬುತ್ತಿದ್ದೆ ಎನ್ನಲು ಹೋದೆ. ಆಗಲಿಲ್ಲ. ಅವನಿಗೆ ಒಮ್ಮೆ ಸುಳ್ಳು ಹೇಳಿದ್ದು ಸಾಕಾಗಿತ್ತು.

ಅವನು ಗೇಟೆತ್ತಿದ.

"ಹೋಗಪ್ಪ. ಹಿಂದೆ ಲಾರಿ ಕಾಯ್ತಿದೆ."