ಸೂಗಪ್ಪನ ಕಿರುಬೆರಳು

ಸೂಗಪ್ಪ ದೇವದುರ್ಗದ ಕಡೆಯವನು. ಮದುವೆಯಾದ ಹೊಸತರಲ್ಲೇ ಹೆಂಡತಿ ಸುಮಂಗಲಾಳನ್ನು ಕರೆದುಕೊಂಡು ಹೈದರಾಬಾದಿಗೆ ಬಂದ. ಸಿಮೆಂಟು ಹೊರುವುದರಿಂದ ಶುರುಮಾಡಿ ಗಿಲಾವು ಮಾಡುವ ಕೆಲಸಕ್ಕೆ ಏರಿದ. ಲಿಂಗಂಪಲ್ಲಿಯ ಸುತ್ತ ಎದ್ದ ಎಷ್ಟೋ ಅಪಾರ್ಟ್‌ಮೆಂಟುಗಳ ಗೋಡೆ ಅವನ ಕೈಯಲ್ಲೇ ನುಣುಪಾದದ್ದು. ಸ್ವಂತ ಮನೆ ಮಾತ್ರ ತಗಡಿನ ಶೆಡ್ಡು.

ಐವತ್ತು ದಾಟುವ ಹೊತ್ತಿಗೆ ಎಡ ಅಂಗೈಯಲ್ಲಿ, ಕಿರುಬೆರಳಿನ ಬುಡಕ್ಕೆ, ಒಂದು ಗಂಟು ಕಂಡಿತು. ನೋವಿರಲಿಲ್ಲ. ಗಾರೆ ತುಂಬಿದ ಹಲಗೆ ಹಿಡಿದು ಜಡ್ಡುಗಟ್ಟಿದೆ ಎಂದುಕೊಂಡ. ಆದರೆ ಗಂಟು ಚರ್ಮದಡಿ ಹುರಿಯಂತೆ ಬೆಳೆದು ಬೆರಳನ್ನು ಒಳಕ್ಕೆ ಎಳೆಯತೊಡಗಿತು. ಮುಖ ತೊಳೆಯುವಾಗ ಡೊಂಕು ಬೆರಳು ಕಣ್ಣಿಗೆ ಚುಚ್ಚುತ್ತಿತ್ತು, ಜೇಬಿನೊಳಗೆ ಕೈ ಸಿಕ್ಕಿಕೊಳ್ಳುತ್ತಿತ್ತು. ಎಲ್ಲಕ್ಕಿಂತ ಅವನನ್ನು ಕೊರೆದದ್ದು ಮುಂಜಾನೆಯ ಪೂಜೆ. ಇಷ್ಟಲಿಂಗವನ್ನು ಎಡ ಅಂಗೈ ಮೇಲಿಟ್ಟರೆ ಬೆರಳು ಅಡ್ಡ ಬಂದು ಮರೆಮಾಡುತ್ತಿತ್ತು.

“ಅಂಗೈನ ಬಿಚ್ಚವಲ್ದು. ಪೂಜಿ ಹೆಂಗ ಮಾಡ್ಲಿ?”

“ದೇವ್ರೇನ್ ನಿಮ್ಮ ಬೆರಳ ನೋಡಾಕತ್ತಾನೇನ್ರಿ,” ಎಂದಳು ಸುಮಂಗಲಾ.

ಸರ್ಕಾರಿ ಆಸ್ಪತ್ರೆಯ ಸರ್ಜನ್ ನಳಿನಿ ಮೈಸೂರಿನವರು. ಕನ್ನಡ ಕೇಳಿಯೇ ಸೂಗಪ್ಪನಿಗೆ ಅರ್ಧ ಧೈರ್ಯ ಬಂತು. ಅವರು ಅಂಗೈ ಕೊಯ್ದು ಹುರಿ ತೆಗೆದರು. ಬೆರಳು ನೆಟ್ಟಗಾಯಿತು. ಮೂರು ವರ್ಷಕ್ಕೆ ಮತ್ತೆ ಬಾಗಿತು. ಎರಡನೆಯ ಸಲ ಚರ್ಮವನ್ನೂ ತೆಗೆದು, ತೋಳಿನ ಚರ್ಮ ತಂದು ತೇಪೆ ಹಾಕಿದರು. ಅದೂ ನಿಲ್ಲಲಿಲ್ಲ.

ಮೂರನೆಯ ಸಲ ಹೋದಾಗ ನಳಿನಿ ಬಹಳ ಹೊತ್ತು ಅವನ ಕೈ ಹಿಡಿದು ನೋಡಿದರು. “ನಿಮ್ಮ ತಪ್ಪೇನೂ ಇಲ್ಲ, ಸೂಗಪ್ಪನವರೇ. ಕೆಲವರಿಗೆ ಇದು ತಿರುತಿರುಗಿ ಬರುತ್ತೆ. ಎರಡು ಸಲ ಕೊಯ್ದ ಜಾಗ, ರಕ್ತನಾಳ ಗಾಯದೊಳಗೆ ಹೂತುಹೋಗಿದೆ. ಮತ್ತೆ ಬಿಚ್ಚಿದರೆ ಬೆರಳೇ ಹೋಗಬಹುದು. ಹೀಗೇ ಬಿಟ್ಟರೆ ಪ್ರಾಣಕ್ಕೇನೂ ಆಗಲ್ಲ.”

“ಬ್ಯಾಡ ಬಿಡ್ರಿ,” ಎಂದಳು ಸುಮಂಗಲಾ. ಅವನು ಕೇಳಲಿಲ್ಲ.

“ಇನ್ನೊಂದ್ ಸಲ ನೋಡ್ರಿ ತಾಯಿ. ಆದ್ರ ಆತು.”

ನಳಿನಿ ಮೂರನೆಯ ಸಲವೂ ಕೊಯ್ದರು. ಬೆರಳು ಬಿಚ್ಚಿಕೊಂಡಿತು. ಬಣ್ಣ ಮಾತ್ರ ಮರಳಲಿಲ್ಲ. ತಣ್ಣಗೆ ಬಿಳಿಚಿಕೊಂಡು, ದಿನ ಕಳೆದಂತೆ ತುದಿಯಿಂದ ಕಪ್ಪಾಗುತ್ತ ಬಂತು. ನಳಿನಿ ಮಂಚದ ಪಕ್ಕ ಸ್ಟೂಲು ಎಳೆದು ಕೂತು, ತೆಗೆಯಲೇಬೇಕು ಎಂದರು. ಸೂಗಪ್ಪ ಗೋಡೆ ನೋಡುತ್ತ ಮಲಗಿದ್ದ.

“ತಗದ್ ಮ್ಯಾಲ ಏನ್ ಮಾಡ್ತೀರಿ?”

“ಸುಡೋಕೆ ಕಳಿಸ್ತಾರೆ.”

“ಸುಡಬ್ಯಾಡ್ರಿ. ನಮ್ಮೊಳಗ ಮಣ್ಣು ಕೊಡ್ತಾರ್ರಿ. ನಂಗ ಕೊಡ್ರಿ.”

ನಳಿನಿ ಮೇಲಿನವರನ್ನು ಕೇಳಿ ಒಪ್ಪಿಸಿದರು. ಮನೆಗೆ ಹೋಗುವ ದಿನ ನರ್ಸ್ ಒಂದು ಸಣ್ಣ ಡಬ್ಬಿ ಕೊಟ್ಟಳು. ಸುಮಂಗಲಾ ಅದನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ಊರಿಗೆ ಒಯ್ಯುವಷ್ಟು ತ್ರಾಣ ಅವನಲ್ಲಿರಲಿಲ್ಲ. ಶೆಡ್ಡಿನ ಸುತ್ತ ಎಲ್ಲಿ ನೋಡಿದರೂ ಕಾಂಕ್ರೀಟು. ಕೊನೆಗೆ ಇಬ್ಬರೂ ಹತ್ತಿರದ ಸ್ಮಶಾನಕ್ಕೆ ಹೋದರು.

ಕಾವಲಿನ ಮುದುಕ ತೆಲುಗಿನಲ್ಲಿ, ಹೋದವರು ಯಾರು ಎಂದು ಕೇಳಿದ. ಸುಮಂಗಲಾ ಗಂಡನ ಮುಖ ನೋಡಿದಳು. ಸೂಗಪ್ಪ ಬ್ಯಾಂಡೇಜು ಸುತ್ತಿದ ಕೈಯನ್ನು ಮೇಲೆತ್ತಿದ.

“ನಾದೇ ಅನ್ನಾ,” ಎಂದ. ನನ್ನದೇ.

ಮುದುಕ ಗುದ್ದಲಿ ಕೊಟ್ಟು, ಬೇವಿನ ಮರದ ಕೆಳಗಿನ ಮೂಲೆ ತೋರಿಸಿದ. ಸುಮಂಗಲಾ ತೋಡಿದಳು. ಬೆರಳಿಗೆ ವಿಭೂತಿ ಹಚ್ಚಿ ಇಳಿಸುವಾಗ, ಅಷ್ಟೂ ಆಪರೇಷನ್ನುಗಳಲ್ಲಿ ಅಳದಿದ್ದವನು ನೆಲದ ಮೇಲೆ ಕುಸಿದು ಕೂತು ಮಗುವಿನಂತೆ ಅತ್ತ. ಅವಳು ತಡೆಯಲಿಲ್ಲ. ಮಣ್ಣು ಎಳೆದು ಅಂಗೈಯಿಂದ ತಟ್ಟಿದಳು.

“ಇಷ್ಟು ವರ್ಷಕ್ಕ ಈ ಊರಾಗ ನಮಗೂ ಒಂದ್ ಗೇಣು ನೆಲ ಸಿಕ್ತು ನೋಡು,” ಎಂದ ಅವನು, ಮರಳಿ ಬರುವಾಗ.

ಗಾಯ ಮಾಯಿತು. ಹಲಗೆಯ ಭಾರ ಮಾತ್ರ ಆ ಕೈ ತಡೆಯಲಿಲ್ಲ. ಗುತ್ತಿಗೆದಾರ ವಿಜಯಕುಮಾರ ಕೆಲಸ ಬಿಡಿಸಲಿಲ್ಲ. ಬೇರೆಯವರು ಗಿಲಾವು ಮಾಡಿದ ಗೋಡೆಗಳಿಗೆ ಪೈಪಿನಿಂದ ನೀರು ಹೊಡೆಯಲು ಹಾಕಿದ. ಸಂಜೆ ಶೆಡ್ಡಿನ ಬಾಗಿಲಲ್ಲಿ ಕೂತು, ಇಲ್ಲದ ಬೆರಳು ಸೆಳೆಯುತ್ತದೆ ಎನ್ನುತ್ತಾನೆ.

“ಭಾಳ ನೋಯಾಕತ್ತೈತೇನ್ರಿ?” ಎಂದು ಕೇಳುತ್ತಾಳೆ ಸುಮಂಗಲಾ. ಅವನು ತಲೆಯಾಡಿಸುತ್ತಾನೆ. ಅವಳು ಒಲೆಯ ಮೇಲಿನ ರೊಟ್ಟಿ ತಿರುವಿಹಾಕಿ ಬಂದು, ಅವನ ಪಕ್ಕ ಕೂರುತ್ತಾಳೆ.