ಹೊಸ ಬಾವಿಯ ಮೊದಲ ಕೊಡ

ಯುದ್ಧದ ಕಾಲದಲ್ಲಿ ಕಲ್ಲು ಪರೀಕ್ಷೆಗೆಂದು ಮುಂಬೈಯಿಂದ ಒಬ್ಬ ಸಾಹೇಬರು ಹಿರೇಗುತ್ತಿಗೆ ಬಂದಿದ್ದರು. ಮನುಷ್ಯರ ಮುಖ ನೋಡಿ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ. ಬಂಡೆ ಕಂಡರೆ ಮಾತ್ರ ಸುತ್ತಿಗೆಯಿಂದ ತಟ್ಟಿ, ಚೂರನ್ನು ನೆಕ್ಕಿ, "ಇದು ಹೊಳೆ ಮಾಡಿದ ಕೆಲಸ" ಎನ್ನುತ್ತಿದ್ದರು. ಘಟ್ಟದ ನೆತ್ತಿಯ ಕಲ್ಲು ತೋರಿಸಿದರೂ ಅದೇ ಮಾತು.

ಆಗ ನಾವು ಗುಡ್ಡದ ಬುಡದಲ್ಲಿ ಮಾದೇವಕ್ಕನಿಗೆ ಬಾವಿ ತೋಡುತ್ತಿದ್ದೆವು. ಹಳೆಯದು ಬತ್ತಿದ್ದರಿಂದ ಅವಳು ದಿನವೂ ಮೈಲಿಗಟ್ಟಲೆ ದೂರದಿಂದ ನೀರು ಹೊರುತ್ತಿದ್ದಳು. ಆಳದಲ್ಲಿ, ಮರಳುಗಲ್ಲಿನೊಳಗೆ ದುಂಡು ಕಲ್ಲುಗಳು ಕಚ್ಚಿಕೊಂಡಿದ್ದ ಬಂಡೆ ಅಡ್ಡ ಬಂತು. ಕೆಲಸ ಬಿಟ್ಟು ಮೇಲೆ ಹತ್ತಿದೆವು. ಸಾಹೇಬರು ಇಳಿದು ನೆಕ್ಕಿ ಬಂದರು.

"ಇದು ಹೊಳೆ ಮಾಡಿದ ಕೆಲಸ. ಒಡೆಯಿರಿ, ಕೆಳಗೆ ನೀರಿದೆ."

"ಈ ಗುಡ್ಡದಲ್ಲಿ ಎಂತ ಹೊಳೆ ಸಾಹೇಬ್ರೆ? ನಿಮ್ಮ ಕಿಸೆಲಿ ಬಂತಾ?" ಎಂದೆ.

"ಗುಡ್ಡ ಹುಟ್ಟುವ ಮೊದಲು ಹರಿದಿತ್ತು" ಎಂದರು, ತಾವೇ ಅದರಲ್ಲಿ ಮಿಂದವರಂತೆ.

ಮೂರು ದಿನ ಒಡೆದೆವು. ನೀರು ಬಂತು.

ತುಳಸಿಗೆ ಹಾಕಬೇಕಾದ ಮೊದಲ ಕೊಡವನ್ನು ಮಾದೇವಕ್ಕ ಕುಡಿಯಲೆಂದು ಅವರ ಮುಂದಿಟ್ಟಳು. ಅವರು ಅಷ್ಟನ್ನೂ ಬಾವಿಯಿಂದ ತೆಗೆದ ಕಲ್ಲೊಂದರ ಮೇಲೆ ಸುರಿದು ಕೆಸರು ತೊಳೆದರು. ಬಾಯಾರಿ ನಿಂತಿದ್ದ ನಾನು ಬೈಯಲು ಹೊರಟೆ.

"ಸುಮ್ನಿರಾ ತಮಾ," ಎಂದಳು ಮಾದೇವಕ್ಕ. "ಅವರ ದೇವ್ರಿಗೆ ಅಭಿಷೇಕ ಆತು. ನೀ ಇನ್ನೊಂದು ಕೊಡ ಸೇದು."