ಕಲ್ಲೆಂದು ಬರೆದ ಹೂವುಗಳು

ನಮ್ಮ ಸೂಪರ್‌ವೈಜರ್ ಸಮುದ್ರ ಕಂಡದ್ದು ಒಂದೇ ಸಲ, ಗೋವಾದಲ್ಲಿ, ಮೊಣಕಾಲಿನವರೆಗೆ. ಪ್ಯಾಂಟು ಮಡಚಿಕೊಂಡು ನೀರಿನಲ್ಲಿ ನಿಂತ ಆ ಫೋಟೋ ಆತನ ಮೇಜಿನ ಹಿಂದಿನ ಗೋಡೆಯ ಮೇಲಿತ್ತು. ಆಳಂದದ ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ಕೂತು ನಾವು ಹತ್ತು ಮಂದಿ ಹೆಂಗಸರು ಕಂಪ್ಯೂಟರಿನಲ್ಲಿ ಆಳಸಮುದ್ರದ ಚಿತ್ರ ನೋಡುತ್ತಿದ್ದೆವು. ಜೇವರ್ಗಿಯ ಈ ಮನುಷ್ಯ ನಮಗೆ ಸಮುದ್ರದ ಸ್ವಭಾವ ಬೋಧಿಸುತ್ತಿದ್ದ. ಕೆಳಗಿನಿಂದ ಯೂರಿಯಾದ ವಾಸನೆ ಬರುತ್ತಿತ್ತು. ಆ ಬೋಧನೆಗಿಂತ ಈ ವಾಸನೆಯೇ ವಾಸಿ.

ಕೆಲಸ ಹೀಗಿತ್ತು. ಎಲ್ಲೋ ಒಂದು ಸರ್ವೆ ಹಡಗು ಕ್ಯಾಮೆರಾವನ್ನು ಸಮುದ್ರದ ತಳಕ್ಕೆ ಇಳಿಸಿ ಫೋಟೋ ತೆಗೆದು ಕಳಿಸುತ್ತಿತ್ತು. ಅದರಲ್ಲಿ ಅನಿಮೋನ್ ಎಂಬ ಜೀವಿ ಕಂಡಲ್ಲೆಲ್ಲ ನಾವು ಗುರುತು ಹಾಕಬೇಕು. ಅದು ಪ್ರಾಣಿಯೇ, ಆದರೆ ಅರಳಿದಾಗ ಥೇಟು ಸೇವಂತಿಗೆ. ನಾವು ಹೂವು ಅಂತಲೇ ಕರೆಯುತ್ತಿದ್ದೆವು. ಪ್ರತಿ ಫೋಟೋದ ಕೆಳಗೆ ಒಂದು ಪಟ್ಟಿ. ಆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆಯಿದ್ದರೆ ಪಟ್ಟಿ ಕೆಂಪು. ಅಂಥ ನೀರಿನಲ್ಲಿ ಏನು ಬದುಕುತ್ತದೆ ಎಂದು ತಿಳಿಯಲೆಂದೇ ಇಷ್ಟೆಲ್ಲ ಖಟಾಟೋಪ.

ಸೂಪರ್‌ವೈಜರನಿಗೆ ಉತ್ತರ ಮೊದಲೇ ಗೊತ್ತಿತ್ತು. “ಉಸಿರಾಡಾಕ ಗಾಳೀನೇ ಇಲ್ಲಂದ್ರ ಅಲ್ಲಿ ಏನ್ ಬದುಕತದರೀ? ಕೆಂಪು ಪಟ್ಟಿ ಕಂಡ್ರ ಸೊನ್ನಿ ಹಾಕ್ರಿ, ಮುಂದ ಹೋಗ್ರಿ. ಅಕಲ್ ಬಳಸ್ರಿ ಸ್ವಲ್ಪ.”

ಅವನನ್ನು ಹಳಿಯುವುದು ಸುಲಭ. ನಾನೂ ಕಡಿಮೆಯವಳಲ್ಲ. ಎಲ್ಲರಿಗಿಂತ ಹಿರಿಯಳೆಂದು ಹೊಸಬರಿಗೆ ಕಲಿಸುವ ಹೊಣೆ ನನ್ನದಾಗಿತ್ತು. ನಾನು ಅವರಿಗೆ ಹೇಳಿದ್ದು ಮೊರದ ಲೆಕ್ಕ. “ತೊಗರಿಬ್ಯಾಳಿ ಹಸನ ಮಾಡಿದಂಗ ನೋಡ್ರೆವ್ವಾ. ಒಂದೇ ನಮೂನಿ ಗುಂಪಾಗಿ ಇದ್ದದ್ದು ಕಾಳು. ಗುಂಡಗ, ಒಂಟಿ ಬಿದ್ದದ್ದು ಕಲ್ಲು.” ಹುಟ್ಟಿದಾಗಿನಿಂದ ಬೇಳೆಯಲ್ಲಿ ಕಲ್ಲು ಆರಿಸಿದ ಹೆಂಗಸರು, ಒಂದೇ ಮಾತಿಗೆ ತಿಳಿದುಕೊಂಡರು. ಎಂಥ ಜಾಣ ಗುರು ನಾನು ಎಂದು ಆ ದಿನ ಮನೆಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ತಿಂದಿದ್ದೆ.

ಒಬ್ಬಾಕೆ ಮಾತ್ರ ಈ ಪಾಠಕ್ಕೆ ಬಗ್ಗಲಿಲ್ಲ. ನರೋಣಾದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವರ ಮನೆಯಲ್ಲಿ ಬೇಳೆ ಹಸನು ಮಾಡುವುದು ಅತ್ತೆಯ ಕೆಲಸ, ಇವಳದು ಹೊಲಿಗೆ. ಎಲೆ ಅಡಿಕೆ ಇಟ್ಟುಕೊಳ್ಳುವ ಬಟವಾ ಹೊಲಿದು ಹೊಲಿದು ಬೆನ್ನು ಹೋಗಿತ್ತು. ಇನ್ನು ಮಷೀನು ತುಳಿಯಬೇಡ ಎಂದು ಡಾಕ್ಟರು ಹೇಳಿದ್ದರಿಂದ ಈ ಕುರ್ಚಿಯ ಕೆಲಸ ಹಿಡಿದಿದ್ದಳು. ನಾವೆಲ್ಲ ಕಲ್ಲು, ಸೊನ್ನೆ ಎಂದು ಬರೆದ ಕೆಂಪು ಪಟ್ಟಿಯ ಫೋಟೋಗಳಲ್ಲಿ ಇವಳು ಹೂವು, ಹೂವು ಎಂದು ಗುರುತು ಹಾಕುತ್ತಿದ್ದಳು. ಒಂದು ಫೋಟೋವನ್ನು ಮೂವರು ನೋಡುವ ಪದ್ಧತಿ. ಯಾವಾಗಲೂ ಇವಳದು ಒಂಟಿ ಮತ.

ಒಂದು ಬುಧವಾರ ಸೂಪರ್‌ವೈಜರ್ ಎಲ್ಲರ ಮುಂದೆ ಹೇಳಿದ. “ಒಂಬತ್ತು ಮಂದಿಗೆ ಕಾಣದ್ದು ನಿಮಗ ಕಾಣತದಂದ್ರ ಕಣ್ಣು ತೋರಿಸ್ಕೋರಿ. ಶನಿವಾರಕ್ಕ ಕೆಲಸ ಮುಗೀತು ನಿಮ್ದು.”

ಆಕೆ ಅಳಲಿಲ್ಲ. ಊಟದ ಹೊತ್ತಿಗೆ ನನ್ನ ಬಳಿ ಬಂದಳು. “ಅಕ್ಕಾರ, ಕಲ್ಲಿಗೆ ನೆರಿಗಿ ಇರ್ತಾವೇನ್ರಿ?”

“ಯಾಕ ಬೇ, ಎಲ್ಲಾರೂ ತಪ್ಪು, ನೀ ಒಬ್ಬಾಕಿನೇ ಶಾಣ್ಯಾಕೀ?” ಅಂದೆ. ಈ ಮಾತು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ.

ಆಕೆ ಚೀಲದಿಂದ ಬಟವಾ ತೆಗೆದು ದಾರ ಎಳೆದಳು. ಅರಿವೆ ಸುತ್ತಲೂ ನೆರಿಗೆಗಟ್ಟಿ, ನಡುವೆ ಸಣ್ಣ ತೂತಿನಲ್ಲಿ ಬಾಯಿ ಮುಚ್ಚಿತು. ಅದನ್ನು ನನ್ನ ಪರದೆಯ ಪಕ್ಕಕ್ಕೆ ಹಿಡಿದಳು. ನಾನು ಕಲ್ಲೆಂದು ಬರೆದಿದ್ದರ ನಡುವೆಯೂ ಅಂಥದೇ ನೆರಿಗೆ, ಅಂಥದೇ ತೂತು. “ಮುಚ್ಚಿಕೊಂಡದರಿ ಇದು. ಮುಚ್ಚಿಕೊಂಡದ್ದಕ್ಕ ಕಲ್ಲು ಅಂದ್ರ ಹೆಂಗ?”

ನೆರಿಗೆ ಕಂಡಿತು. ಆದರೂ ಒಪ್ಪಲು ಮನಸ್ಸಾಗಲಿಲ್ಲ. ಮನೆಗೆ ಹೋಗಿ ನೋಟ್‌ಬುಕ್ ತೆಗೆದೆ. ದಿನದಿನದ್ದು ಬರೆದಿಡುವ ಚಾಳಿ ನನಗೆ. ಯಾರು ರಜೆ, ಡಬ್ಬಿಯಲ್ಲಿ ಯಾವ ಪಲ್ಯ, ಎಷ್ಟನೇ ಫೋಟೋದಲ್ಲಿ ಏನು ವಿಶೇಷ. ಹಿಂದಿನ ವಾರದ ಮಂಗಳವಾರ ಬರೆದಿತ್ತು: ಕೆಂಪು ಪಟ್ಟಿ, ತಳದಲ್ಲಿ ಒಡೆದ ಹಸಿರು ಬಾಟಲಿ, ಎಂಥ ಆಶ್ಚರ್ಯ. ಗುರುವಾರ: ಅದೇ ಬಾಟಲಿ ಮತ್ತೆ. ಅಂದರೆ ಕ್ಯಾಮೆರಾ ಒಂದೇ ಜಾಗದ ಮೇಲೆ ಎರಡು ಸಲ ಹೋಗಿತ್ತು.

ಮರುದಿನ ಬೇಗ ಹೋಗಿ ಎರಡೂ ಫೋಟೋ ತೆರೆದೆ. ಮೊದಲನೆಯದರಲ್ಲಿ ಬಾಟಲಿಯ ಪಕ್ಕ ಗುಂಡಗೆ ಬೂದು ಬಣ್ಣದ್ದೊಂದು. ಮೇಲೆ ನನ್ನ ಗುರುತು, ಕಲ್ಲು. ಎರಡನೆಯದರಲ್ಲಿ ಅದೇ ಜಾಗದಲ್ಲಿ ಎಸಳು ಬಿಚ್ಚಿಕೊಂಡು ಕೂತ ಹೂವು. ಪಟ್ಟಿ ಕೆಂಪಗಿತ್ತೆಂದು ಅದಕ್ಕೆ ಸೊನ್ನೆ ಹಾಕಿದವಳೂ ನಾನೇ. ಸಮುದ್ರದ ತಳದಲ್ಲಿ ಯಾರೋ ಕುಡಿದೆಸೆದ ಬಾಟಲಿಗೆ ಬೆರಗಾಗಿದ್ದೆ. ಉಸಿರಿಲ್ಲದ ನೀರಿನಲ್ಲಿ ಬದುಕಿದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಗೋವಾದಲ್ಲಿ ಪ್ಯಾಂಟು ಮಡಚಿ ನಿಂತವನಿಗೂ ನನಗೂ ಏನು ಫರಕು?

ಸೂಪರ್‌ವೈಜರನನ್ನು ಕರೆದು ತೋರಿಸಿದೆ. ಬಗ್ಗಿ ನೋಡಿ ಮುಖ ಗಂಟಿಕ್ಕಿದ. “ಹಂಗಾದ್ರ ಒಂಬತ್ತು ಮಂದಿ ಬರದದ್ದು ಗಲತ್ ಏನ್ರಿ?”

“ಒಂಬತ್ತು ಮಂದೀದಲ್ಲರಿ. ನಾ ಒಬ್ಬಾಕಿ ತಪ್ಪು ಕಲಿಸಿದೆ, ಉಳಿದವರು ಅದನ್ನ ಬರದ್ರು. ತೆಗೆಯೂದಿದ್ರ ನನ್ನ ತೆಗೀರಿ, ಆಕೀನ್ನಲ್ಲ.”

ಆತ ಎರಡು ಫೋಟೋಗಳನ್ನೂ ಸರ್ವೆಯವರಿಗೆ ಕಳಿಸಿದ. ಮಧ್ಯಾಹ್ನ ಅವರಿಂದ ಫೋನು ಬಂತು: ಕೆಂಪು ಪಟ್ಟಿಯದೆಲ್ಲ ಮೊದಲಿನಿಂದ ನೋಡಬೇಕು, ಸರಿಯಾಗಿ ಗುರುತಿಸಿದವರ ಕೈಯಲ್ಲೇ ತಪಾಸಣೆ ಮಾಡಿಸಬೇಕು. ನಮ್ಮವನು ಎದ್ದು ನಿಂತು ಫೋನಿಗೆ ನಡು ಬಗ್ಗಿಸಿದ. “ಹೌದ್ರಿ ಸರ, ನಾನೇ ಹಿಡದೇನ್ರಿ ಈ ತಪ್ಪು. ನನಗ ಮೊದಲಿಂದ ಡೌಟ್ ಇತ್ರಿ.”

ನರೋಣಾದಾಕೆ ನನ್ನ ಕಡೆ ನೋಡಿ ಸೆರಗಿನಲ್ಲಿ ನಕ್ಕಳು.

ಶನಿವಾರವೂ ಬಂದಳು, ಸೋಮವಾರವೂ. ಹಳೆಯ ಫೋಟೋಗಳನ್ನು ಮತ್ತೆ ನೋಡುವ ಕೆಲಸ ನನ್ನ ಪಾಲಿಗೆ, ನನ್ನನ್ನು ತಿದ್ದುವ ಕೆಲಸ ಆಕೆಯ ಪಾಲಿಗೆ. ಪಶ್ಚಾತ್ತಾಪದ ಹುರುಪಿನಲ್ಲಿ ನಾನು ಗುಂಡಗೆ ಕಂಡದ್ದಕ್ಕೆಲ್ಲ ಹೂವು ಎಂದು ಬರೆಯುತ್ತಿದ್ದೆ. ಆಕೆ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದಳು.

“ನೆರಿಗಿ ಎಲ್ಲಿ ಅದಾವ್ರೀ ಅಕ್ಕಾರ ಇದಕ್ಕ? ಇದು ಖರೇನೇ ಕಲ್ಲು.”

ಅಳಿಸಿದೆ.